ನೆಲುವಿನ ಕೆಳಗಿನ ಬೆಕ್ಕು

ನಮ್ಮ ಹಳೆಯ ಮನೆಯ ಅಡುಗೆಕೋಣೆಯಲ್ಲಿ ಬೆಕ್ಕಿನ ಸಲುವಾಗಿಯೇ ಮಾಡಿಸಿದ ಸಾಮಾನು ಒಂದಿತ್ತು: ನೆಲುವು. ಜಂತಿಗೆ ಬಿಗಿದ ಹಗ್ಗ, ಅದರ ತುದಿಯಲ್ಲಿ ಹೆಣೆದ ಬಲೆ, ಬಲೆಯೊಳಗೆ ಒಂದರ ಮೇಲೊಂದು ಕುಳಿತ ಮೂರು ಗಡಿಗೆಗಳು. ಕೆಳಗಿನದರಲ್ಲಿ ಹಾಲು, ನಡುವಿನದರಲ್ಲಿ ಮೊಸರು, ಮೇಲಿನದರಲ್ಲಿ ಬೆಣ್ಣೆ. ಅವ್ವ ಅದನ್ನು ತನ್ನ ಕೈಗೆ ಎಟುಕುವಂತೆ, ಬೆಕ್ಕಿನ ನೆಗೆತಕ್ಕೆ ಒಂದು ಗೇಣು ಕಡಿಮೆ ಬೀಳುವಂತೆ ಅಳೆದು ಕಟ್ಟಿಸಿದ್ದಳು. ಬೆಕ್ಕು ಮಧ್ಯಾಹ್ನವೆಲ್ಲ ಅದರ ಕೆಳಗೆ ಕುಳಿತು, ಮಠದಲ್ಲಿ ಪುರಾಣ ಕೇಳುವ ಭಕ್ತನ ಹಾಗೆ ಕತ್ತೆತ್ತಿ ನೋಡುತ್ತಿತ್ತು. ಒಂದು ರಾತ್ರಿ ಹಗ್ಗ ಹರಿದು ಮೂರೂ ಗಡಿಗೆಗಳು ನೆಲಕ್ಕೆ ಬಿದ್ದವು. ಎದ್ದು ನೋಡಿದರೆ ಹಗ್ಗವನ್ನು ಇಲಿ ಕಡಿದಿತ್ತು. ಇಲಿ ಹಿಡಿಯಬೇಕಾದ ಬೆಕ್ಕು ಕೆಳಗೆ ಬೆಣ್ಣೆ ನೆಕ್ಕುತ್ತಿತ್ತು. ಎರಡಕ್ಕೂ ಒಳಒಪ್ಪಂದವಾಗಿತ್ತು ಎಂದು ಅವ್ವ ಇಂದಿಗೂ ನಂಬಿದ್ದಾಳೆ.

ಅದೇ ಅವ್ವ ಈಗ ಎಂಬತ್ತರ ಹತ್ತಿರ ಬಂದಿದ್ದಾಳೆ. ಪ್ರತಿ ಮಧ್ಯಾಹ್ನ ನಾನು ಗಿರಣಿಯಿಂದ ಊಟಕ್ಕೆ ಬಂದೊಡನೆ ಪಡಸಾಲೆಯಿಂದ ಕೂಗಿ ಕೇಳುತ್ತಾಳೆ: "ತಮ್ಮಾ, ಬೂದಿಗೆ ಮಜ್ಜಿಗೆ ಹಾಕಿದೆಯಾ?"

ಬೂದಿ ನಮ್ಮ ಬೆಕ್ಕು. ಕಸಬರಿಗೆ ಹಿಡಿದು ಬೆಕ್ಕನ್ನು ಅಟ್ಟುತ್ತಿದ್ದವಳು ಮಜ್ಜಿಗೆ ಹಾಕಿಸುವವಳಾದದ್ದು ಹೇಗೆ, ನಡುವೆ ನಾನು ಮಾಡಿದ ಒಂದು ತಪ್ಪು ಏನು ಎಂಬುದನ್ನು ಬರೆದಿಡಬೇಕೆನಿಸಿದೆ. ಬೆಕ್ಕಿಗೆ ಮೊಸರು, ಮಜ್ಜಿಗೆ ಅಥವಾ ಕೆಫಿರ್ ಎಂಬ ಹುದುಗಿಸಿದ ಹಾಲು ಕೊಟ್ಟರೆ ಅದು ನೈಸರ್ಗಿಕ ಪ್ರೊಬಯಾಟಿಕ್, ಅಂದರೆ ಕರುಳಿಗೆ ಒಳಿತು ಮಾಡುವ ಜೀವಂತ ಜೀವಾಣು, ಎಂದು ಹೇಳುವವರು ಈಗ ಊರಿಗೆ ನಾಲ್ಕು ಜನ ಸಿಗುತ್ತಾರೆ. ಒಂದು ವಾರ ನಾನೂ ಆ ನಾಲ್ವರಲ್ಲಿ ಒಬ್ಬನಾಗಿದ್ದೆ.

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಈ ಸೀಮೆ ಜೋಳದಿಂದ ನೆಲ್ಲಿಗೆ ಹೊರಳಿತು. ಈಗ ಸುಗ್ಗಿಯಲ್ಲಿ ನಮ್ಮ ಗೋದಾಮಿನೊಳಗೆ ಚೀಲಗಳ ನಿಟ್ಟು ಸೂರಿಗೆ ತಾಗುತ್ತದೆ. ನೆಲ್ಲು ಬಂದರೆ ಇಲಿ ಬರುತ್ತದೆ, ಇಲಿ ಬಂದರೆ ಬೆಕ್ಕು ಬರುತ್ತದೆ. ಇದಕ್ಕೆ ಯಾರೂ ಪತ್ರ ಬರೆದು ಕರೆಯಬೇಕಾಗಿಲ್ಲ. ನಮ್ಮಲ್ಲಿ ಐದಾರು ಬೆಕ್ಕುಗಳಿವೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಸಂಬಳವಿಲ್ಲ, ರಾತ್ರಿ ಪಾಳಿ ಮಾತ್ರ ತಪ್ಪಿಸುವುದಿಲ್ಲ. ಹಮಾಲರು ಊಟಕ್ಕೆ ಕುಳಿತಾಗ ತಮ್ಮ ಬುತ್ತಿಯ ರೊಟ್ಟಿಯ ಚೂರನ್ನು ಮಜ್ಜಿಗೆಯಲ್ಲಿ ನೆನೆಸಿ ಅವುಗಳ ಮುಂದೆ ಹಾಕುತ್ತಾರೆ. ಬೆಕ್ಕುಗಳು ಮಜ್ಜಿಗೆ ನೆಕ್ಕಿ ರೊಟ್ಟಿ ಬಿಡುತ್ತವೆ. ರೊಟ್ಟಿ ಕೊನೆಗೆ ಇಲಿಗೆ ಹೋಗುತ್ತದೆ, ಇಲಿ ಬೆಕ್ಕಿಗೆ ಹೋಗುತ್ತದೆ, ಲೆಕ್ಕ ಸರಿಹೋಗುತ್ತದೆ.

ನನಗೆ ಇದು ಬಹಳ ಹಳೆಯ ಏರ್ಪಾಡಿನಂತೆ ಕಂಡಿತ್ತು, ನಿಜವಾಗಿಯೂ ಹಳೆಯದೇ. ಪಶ್ಚಿಮ ಏಷ್ಯಾದಲ್ಲಿ ಮನುಷ್ಯರು ಕಾಳು ಕೂಡಿಡಲು ಕಲಿತಾಗ, ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ, ಇಲಿಗಳ ಬೆನ್ನು ಹತ್ತಿ ಕಾಡುಬೆಕ್ಕು ಕಣಜದ ಹತ್ತಿರ ಸುಳಿಯಿತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲಿಯೇ ಹೂತ ಬೆಕ್ಕಿನ ಗುಂಡಿ ಸಿಕ್ಕಿದೆ, 9,500 ವರ್ಷ ಹಳೆಯದು. ಅಂದರೆ ಬೆಕ್ಕು ನಮ್ಮೊಡನೆ ಸೇರಿದ್ದು ಕಾಳಿನ ಗಂಟಿನಿಂದ, ಅದೂ ಕಾಳಿಗಾಗಿ ಅಲ್ಲ, ಇಲಿಗಾಗಿ. ಹಾಲು ಆ ಕರಾರಿನಲ್ಲಿ ಎಲ್ಲಿಯೂ ಇಲ್ಲ. ಹಾಲು ನಮ್ಮ ಕಡೆಯಿಂದ ಆಮೇಲೆ ಸೇರಿಸಿದ ಷರತ್ತು.

ನಾವು ಅದನ್ನು ಸೇರಿಸದೆ ಇರುತ್ತಿರಲಿಲ್ಲ. ಅವ್ವನ ತವರು ಬಳ್ಳಾರಿ ಕಡೆಯದು, ಕುಡತಿನಿಯ ಹತ್ತಿರ. ಅಲ್ಲಿನ ಬೂದಿಗುಡ್ಡವನ್ನು ನಾನು ಸಣ್ಣವನಿದ್ದಾಗ ಬಸ್ಸಿನ ಕಿಟಕಿಯಿಂದ ತೋರಿಸುತ್ತಿದ್ದರು. ಹಂಪಿಯ ಹತ್ತಿರದ ನಿಂಬಾಪುರದಲ್ಲಿಯೂ ಅಂಥ ಒಂದು ಗುಡ್ಡೆಯಿದೆ. ಅದು ವಾಲಿಯನ್ನು ಸುಟ್ಟ ಬೂದಿ ಎಂದು ಜನ ಹೇಳುತ್ತಾರೆ. ಅಗೆದು ನೋಡಿದ ಪ್ರಾಚ್ಯಶಾಸ್ತ್ರಜ್ಞರು ಇಂಥ ದಿಬ್ಬಗಳನ್ನು ದನದ ಹಟ್ಟಿಗಳಲ್ಲಿ ತಲೆಮಾರುಗಟ್ಟಲೆ ಗುಡ್ಡೆ ಬಿದ್ದು ಸುಟ್ಟ ಸಗಣಿ ಎಂದು ತೋರಿಸಿದರು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನಿಂದ ಈ ಕಲ್ಲುಬೆಟ್ಟಗಳ ನಡುವೆ ದನ ಕಟ್ಟಿಕೊಂಡು ಬಾಳಿದವರ ನೆಲ ಇದು. ಇಂಥಲ್ಲಿ ಸೂರಿನ ಕೆಳಗೆ ಬಂದ ಯಾವ ಪ್ರಾಣಿಗೂ ಹಾಲೋ ಮಜ್ಜಿಗೆಯೋ ಹಾಕದೆ ಕಳಿಸುವುದು ಮನಸ್ಸಿಗೆ ಒಗ್ಗುವುದಿಲ್ಲ. ಬೆಕ್ಕಿಗೆ ಬೂದಿ ಎಂದು ಹೆಸರಿಟ್ಟದ್ದೂ ಅವ್ವನೇ, ಆ ಗುಡ್ಡದ ಬಣ್ಣವೆಂದು.

ಬೂದಿ ಹುಟ್ಟಿದ್ದು ತೌಡಿನ ಚೀಲಗಳ ಸಂದಿಯಲ್ಲಿ. ತಾಯಿ ಲಾರಿಗೆ ಸಿಕ್ಕಿತು. ಉಳಿದ ಒಂದೇ ಮರಿಯನ್ನು ನಾನು ಊಟದ ಡಬ್ಬಿಯ ಚೀಲದಲ್ಲಿ ಇಟ್ಟು ಮನೆಗೆ ತಂದೆ. ಶಾಯಿ ಹಾಕುವ ಪಿಚಕಾರಿಯಿಂದ ಎಮ್ಮೆಯ ಹಾಲು ಕುಡಿಸಿದೆವು. ಅದು ತಪ್ಪೆಂದು ಆಗ ಗೊತ್ತಿರಲಿಲ್ಲ. ಇನ್ನೂ ಹಾಲು ಬಿಡದ ಮರಿಗೆ ಬೆಕ್ಕಿನ ಹಾಲಿಗೆ ಸರಿಹೊಂದುವಂತೆ ಮಾಡಿದ ಪುಡಿ ಬರುತ್ತದೆ, ಅದನ್ನೇ ಕಲಸಿ ಕೊಡಬೇಕು. ಬೂದಿ ಬದುಕಿದ್ದು ಅದರ ಗಟ್ಟಿತನದಿಂದ, ನಮ್ಮ ಜಾಣತನದಿಂದಲ್ಲ. ದೊಡ್ಡದಾದ ಮೇಲೆ ಹಗಲು ನಮ್ಮ ಮನೆ, ರಾತ್ರಿ ಗಿರಣಿ ಎಂದು ಎರಡು ಸಂಸಾರ ಹೂಡಿತು.

ಕಳೆದ ಬೇಸಿಗೆಯ ಮೇ ತಿಂಗಳು. ಗಿರಣಿಯ ತಗಡಿನ ಸೂರಿನ ಕೆಳಗೆ ನಿಂತರೆ ಒಲೆಯ ಮೇಲಿನ ಹಂಚಿನ ನೆನಪಾಗುವ ದಿನಗಳು. ಬೂದಿಗೆ ಭೇದಿ ಶುರುವಾಯಿತು. ಅವ್ವ ನೋಡಿದೊಡನೆ ತೀರ್ಪು ಕೊಟ್ಟಳು: "ಉಷ್ಣವಾಗಿದೆ. ಮಜ್ಜಿಗೆ ಕೊಡು, ನಿಲ್ಲುತ್ತದೆ."

ನಮ್ಮ ಮನೆಯಲ್ಲಿ ಮಜ್ಜಿಗೆಯಿಂದ ಗುಣವಾಗದ ಕಾಯಿಲೆಯೆಂಬುದು ಇರಲೇ ಇಲ್ಲ. ಬಿಸಿಲು ಬಡಿದರೆ ಮಜ್ಜಿಗೆ, ಹೊಟ್ಟೆ ಕೆಟ್ಟರೆ ಮಜ್ಜಿಗೆ, ಮದುವೆಯ ಊಟ ಹೆಚ್ಚಾದರೆ ಮಜ್ಜಿಗೆ. ನಾನು ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ನಪಾಸಾಗಿ ಬಂದು ಗೋಡೆಗೆ ಮುಖ ಮಾಡಿ ಮಲಗಿದಾಗಲೂ ಅವ್ವ ತಂದು ಇಟ್ಟದ್ದು ಒಂದು ತಂಬಿಗೆ ಮಜ್ಜಿಗೆಯನ್ನೇ. ಕುಡಿದೆ, ಸ್ವಲ್ಪ ಸಮಾಧಾನವೂ ಆಯಿತು. ಅಂಥ ಔಷಧವನ್ನು ಬೆಕ್ಕಿಗೆ ಹಾಕಲು ಯಾರ ಅಪ್ಪಣೆ ಬೇಕು? ಹಾಕಿದೆ. ಬೂದಿ ಎರಡು ಸಲ ನೆಕ್ಕಿ ಮುಖ ತಿರುಗಿಸಿತು. ಮರುದಿನವೂ ಭೇದಿ ಇತ್ತು.

ಎರಡನೆಯ ದಿನ ಸಂಜೆ ಬೆಂಗಳೂರಿನಿಂದ ಅಕ್ಕನ ಮಗ ಬಂದ. ಸಾಫ್ಟ್‌ವೇರ್ ಕೆಲಸ, ಆದರೆ ಮಾತೆಲ್ಲ ಕರುಳಿನದು. ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ತಂದ ಗಾಜಿನ ಬಾಟಲಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, "ಮಾವ, ಇದು ನಮ್ಮ ಮೊಸರಿಗೆ ದೊಡ್ಡಪ್ಪ ಆಗಬೇಕು" ಎಂದ. ಕೆಫಿರ್. ಹೂಕೋಸಿನ ಸಣ್ಣ ಎಸಳುಗಳಂಥ ಬಿಳಿಯ ಹರಳುಗಳು ಹಾಲಿನಲ್ಲಿ ತೇಲುತ್ತಿದ್ದವು. ಕಾಕಸಸ್ ಪರ್ವತದ ದನಗಾಹಿಗಳ ಕಡೆಯಿಂದ ಬಂದದ್ದು, ಮೊಸರಿನಲ್ಲಿ ಬ್ಯಾಕ್ಟೀರಿಯಾ ಮಾತ್ರ ಇದ್ದರೆ ಇದರಲ್ಲಿ ಯೀಸ್ಟ್ ಕೂಡ ಒಟ್ಟಿಗೆ ಸಂಸಾರ ಮಾಡುತ್ತದೆ, ಬೆಕ್ಕಿಗೆ ದಿನಕ್ಕೊಂದು ಚಮಚ ಹಾಕಿದರೆ ಕರುಳು ಹೊಸದಾಗುತ್ತದೆ ಎಂದೆಲ್ಲ ಹೇಳಿದ. ಅವನ ಗೆಳತಿಯ ಎರಡು ಬೆಕ್ಕುಗಳು ಇದರಿಂದಲೇ ಮಿನುಗುತ್ತಿವೆಯಂತೆ.

ಅವನು ಹೇಳಿದ ಮೊದಲ ಎರಡು ಮಾತು ನಿಜ. ಕೆಫಿರ್ ಹರಳು ಎಂದರೆ ಹತ್ತಾರು ಬಗೆಯ ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ತಾವೇ ಕಟ್ಟಿಕೊಂಡ ಅಂಟುಗೂಡು. ಆದರೆ ಆ ಗೂಡು ಬೆಳೆದದ್ದು ತಂಪು ಬೆಟ್ಟದಲ್ಲಿ. ಇಪ್ಪತ್ತು ಡಿಗ್ರಿಯ ಕೋಣೆಯಲ್ಲಿ ಒಂದು ಹಗಲು ಒಂದು ರಾತ್ರಿ ಹಿಡಿಯುವ ಕೆಲಸವನ್ನು ಅದು ನಮ್ಮ ಅಡುಗೆಮನೆಯಲ್ಲಿ ಸಂಜೆಯಿಂದ ಬೆಳಗಿನೊಳಗೆ ಮುಗಿಸಿ, ಮಿಕ್ಕ ಸಮಯದಲ್ಲಿ ಪುಂಡಾಟ ಮಾಡಿತು. ಹಾಲು ಒಡೆದು ಕೆಳಗೆ ತಿಳಿನೀರು, ಮೇಲೆ ಗೆಡ್ಡೆ. ನಾನು ತಿಳಿಯದೆ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿಟ್ಟಿದ್ದೆ. ಬೆಳಗ್ಗೆ ತೆರೆದರೆ ಗೋಲಿಸೋಡಾದ ಸದ್ದು, ನನ್ನ ಕನ್ನಡಕದ ಮೇಲೆ ಹಾಲಿನ ಹನಿ. ಅವ್ವ ಹತ್ತಿರ ಬಂದು ಮೂಸಿ, ಸೆರಗನ್ನು ಮೂಗಿಗೆ ಹಿಡಿದು, "ಇದೇನು ಸೇಂದಿ ಅಂಗಡಿ ಇಟ್ಟಿರುವಿರಾ?" ಎಂದಳು. ಅವಳ ಮೂಗಿನ ತಪಾಸಣೆಯಲ್ಲಿ ತಪ್ಪೇನೂ ಇರಲಿಲ್ಲ. ಸೇಂದಿಯಲ್ಲಿ ಕೆಲಸ ಮಾಡುವುದೂ ಯೀಸ್ಟೇ. ಕೆಫಿರಿನಲ್ಲಿಯೂ ಅದು ಗಾಳಿಗುಳ್ಳೆಯ ಜೊತೆಗೆ ತೀರ ಸ್ವಲ್ಪ ಮದ್ಯಸಾರ ಬಿಡುತ್ತದೆ, ಹೊತ್ತು ಹೆಚ್ಚಾದಷ್ಟೂ ಹೆಚ್ಚು.

ಬೂದಿ ಅದನ್ನು ಮೂಸಿ, ಮುಂಗಾಲಿನಿಂದ ನೆಲವನ್ನು ಕೆರೆದು ಮುಚ್ಚುವ ಹಾಗೆ ಮಾಡಿತು. ಬೆಕ್ಕುಗಳು ತಮ್ಮ ಹೇಲಿಗೆ ಮಾಡುವ ಮರ್ಯಾದೆ ಅದು. ನಾವು ಅಷ್ಟಕ್ಕೆ ಬಿಡಲಿಲ್ಲ. ಅಳಿಯ ಹಿಡಿದುಕೊಂಡ, ನಾನು ಪಿಚಕಾರಿಯಿಂದ ಬಾಯಿಗೆ ಬಿಟ್ಟೆ. ಅದು ಮೂರನೆಯ ದಿನ. ಯಾಕೆ ಹಾಗೆ ಮಾಡಿದೆ ಎಂದು ಈಗ ಯೋಚಿಸಿದರೆ ಒಂದು ವಿಚಿತ್ರ ಉತ್ತರ ಸಿಗುತ್ತದೆ. ಮಜ್ಜಿಗೆಯನ್ನು ಅವ್ವ ಹೇಳಿದ್ದಳು, ಕೆಫಿರನ್ನು ಬೆಂಗಳೂರು ಹೇಳಿತ್ತು. ಹಳೆಯದೂ ಹೊಸದೂ ಒಂದೇ ಮಾತು ಹೇಳುತ್ತಿರುವಾಗ ನನಗೆ ಅನುಮಾನ ಬರಲು ಜಾಗವೇ ಇರಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಬೂದಿ ಕಟ್ಟೆ ಹತ್ತಲಿಲ್ಲ. ಕುತ್ತಿಗೆಯ ಹಿಂದಿನ ಚರ್ಮವನ್ನು ಎತ್ತಿ ಬಿಟ್ಟರೆ ಅದು ಮಡಿಕೆ ಹಾಕಿದ ಬಟ್ಟೆಯ ಹಾಗೆ ಹಾಗೆಯೇ ನಿಂತಿತು. ತರಕಾರಿ ಬುಟ್ಟಿಯಲ್ಲಿ ಹಾಕಿ, ಮೇಲೆ ಇನ್ನೊಂದು ಬುಟ್ಟಿ ಕವುಚಿ ಹಗ್ಗ ಸುತ್ತಿ ಪಶು ಆಸ್ಪತ್ರೆಗೆ ಒಯ್ದೆ. ಅಲ್ಲಿ ನಮ್ಮ ಮುಂದೆ ಒಂದು ಎಮ್ಮೆ, ಎರಡು ಆಡು, ಕಾಲು ಮುರಿದ ಒಂದು ಟಗರು ಇದ್ದವು. ಟಗರಿನ ಯಜಮಾನ ನನ್ನ ಬುಟ್ಟಿಯೊಳಗೆ ಇಣುಕಿ, "ಇದಕ್ಕೂ ಡಾಕ್ಟರಾ?" ಎಂದ. ನನಗೆ ಸಿಟ್ಟು ಬರಲಿಲ್ಲ. ಒಂದು ವರ್ಷದ ಹಿಂದೆ ನಾನೂ ಹಾಗೆಯೇ ಕೇಳುತ್ತಿದ್ದೆ.

ಡಾಕ್ಟರು ಒಸಡು ಒತ್ತಿ ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು, ಹೇಲಿನ ಮಾದರಿ ತರಿಸಿ ನೋಡಿದರು. ಜಂತುಹುಳು. ಗಿರಣಿಯ ಬೆಕ್ಕಿಗೆ ಅದು ಆಗದಿದ್ದರೆ ಆಶ್ಚರ್ಯ ಎಂದರು. ದುಂಡು ಹುಳುವಿನ ಮರಿ ತಾಯಿಬೆಕ್ಕಿನ ಮೊಲೆಹಾಲಿನಿಂದಲೇ ಮರಿಗೆ ದಾಟುತ್ತದೆ. ಇಲಿಯನ್ನು ತಿಂದರೂ ಬರುತ್ತದೆ. ಲಾಡಿಹುಳುವಿನ ಒಂದು ಬಗೆ ಇಲಿಯ ಪಿತ್ತಜನಕಾಂಗದಲ್ಲಿ ಗೂಡು ಕಟ್ಟಿಕೊಂಡು ಬೆಕ್ಕಿಗಾಗಿ ಕಾಯುತ್ತಿರುತ್ತದೆ. ನಾನು ಮೂರು ದಿನ ಕೊಟ್ಟದ್ದನ್ನೆಲ್ಲ ಒಪ್ಪಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ.

"ಮಜ್ಜಿಗೆಯಿಂದ ಕೆಟ್ಟದ್ದೇನೂ ಆಗಿಲ್ಲ, ಯಜಮಾನರೇ" ಎಂದರು. "ಮೊದಲನೆಯ ದಿನವೇ ಯಾಕೆ ಬರಲಿಲ್ಲ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಅವರು ಚರ್ಮದ ಕೆಳಗೆ ಸಲೈನ್ ಏರಿಸಿದರು. ಬೆನ್ನ ಮೇಲೆ ನಿಂಬೆಹಣ್ಣಿನಷ್ಟು ಗಂಟು ಎದ್ದು ಸಂಜೆಯೊಳಗೆ ಕರಗಿತು. ತೂಕ ನೋಡಿ ಹುಳುವಿನ ಔಷಧ ಕೊಟ್ಟರು, ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಎಂದರು. ಮನುಷ್ಯರ ಮಾತ್ರೆ ಯಾವುದನ್ನೂ ಹಾಕಬೇಡಿ, ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಒಂದೇ ಒಂದು ಬೆಕ್ಕನ್ನು ಕೊಲ್ಲಬಲ್ಲದು ಎಂದು ಎರಡು ಸಲ ಹೇಳಿದರು. ಲಸಿಕೆ ಹಾಕಿಸದ ಮರಿಗೆ ವಾಂತಿ, ಭೇದಿ ಒಟ್ಟಿಗೆ ಬಂದರೆ ಅದು ಪ್ಯಾನ್‌ಲ್ಯುಕೋಪೇನಿಯಾ ಎಂಬ ಮಾರಕ ವೈರಸ್ ರೋಗ ಆಗಿರಬಹುದು, ಅದಕ್ಕೆ ಮೂರು ದಿನದ ಪುರಸೊತ್ತು ಇರುವುದಿಲ್ಲ ಎಂದೂ ಹೇಳಿದರು. ಬೂದಿ ಮರುದಿನ ಸಂಜೆಗೆ ಕಟ್ಟೆ ಹತ್ತಿತು.

ಬೆಕ್ಕು ಬದುಕಿತು, ನನಗೆ ಮಾತ್ರ ಸಮಾಧಾನವಾಗಲಿಲ್ಲ. ಲೆಕ್ಕ ಬರೆಯುವವನಿಗೆ ಹೊಂದಾಣಿಕೆಯಾಗದ ಬಾಕಿ ಉಳಿದರೆ ನಿದ್ದೆ ಬಾರದು. ಮಗಳು ಧಾರವಾಡದಲ್ಲಿ ಓದುತ್ತಾಳೆ; ಅವಳ ಗೆಳತಿಯೊಬ್ಬಳು ಬೀದರಿನಲ್ಲಿ ಪಶುವೈದ್ಯಕೀಯ ಕಲಿಯುತ್ತಿದ್ದಾಳೆ. ಇಬ್ಬರನ್ನೂ ಫೋನಿನಲ್ಲಿ ಕಾಡಿ, ಅವರು ಕಳಿಸಿದ್ದನ್ನು ಓದಿ, ನನಗೆ ಒಗ್ಗುವ ಹಾಗೆ ಒಂದು ಲೆಕ್ಕ ಹಾಕಿದೆ.

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ, ನೂರು ಮಿಲಿಲೀಟರಿಗೆ ಸುಮಾರು 5 ಗ್ರಾಂ. ಅದನ್ನು ಅರಗಿಸುವ ಕಿಣ್ವ ಮರಿಯ ಕರುಳಿನಲ್ಲಿ ಧಾರಾಳವಾಗಿರುತ್ತದೆ; ತಾಯಿಯ ಮೊಲೆ ಬಿಟ್ಟ ಮೇಲೆ ಇಳಿಯುತ್ತ ಹೋಗುತ್ತದೆ. ಅರಗದ ಸಕ್ಕರೆ ದೊಡ್ಡ ಕರುಳಿಗೆ ಇಳಿದು ನೀರನ್ನು ಎಳೆದುಕೊಳ್ಳುತ್ತದೆ, ಅಲ್ಲಿನ ಜೀವಾಣುಗಳು ಅದನ್ನು ಹುದುಗಿಸಿ ಗಾಳಿ ಮಾಡುತ್ತವೆ. ಬೆಕ್ಕಿನ ಕರುಳೂ ಮೋಟು, ಮೈಯುದ್ದದ ನಾಲ್ಕು ಪಟ್ಟು ಅಷ್ಟೇ. ಮಾಂಸ ತಿನ್ನುವವರಿಗೆ ಅಷ್ಟು ಸಾಕು. ಒಂದು ಬಟ್ಟಲು, ಅಂದರೆ ನೂರು ಮಿಲಿಲೀಟರ್ ಹಾಲು ನಾಲ್ಕು ಕಿಲೋ ತೂಕದ ಬೆಕ್ಕಿಗೆ ಎಷ್ಟು? ಅರವತ್ತು ಕಿಲೋದ ನನಗೆ ಒಂದೂವರೆ ಲೀಟರ್ ಆದ ಹಾಗೆ. ಎಮ್ಮೆಯ ಹಾಲಾದರೆ ಅದರಲ್ಲಿ ನೂರರ ಹತ್ತಿರ ಕ್ಯಾಲೊರಿ. ಬೆಕ್ಕಿನ ಇಡೀ ದಿನದ ಅಗತ್ಯವೇ ಇನ್ನೂರು, ಇನ್ನೂರೈವತ್ತು. ಅರ್ಧ ದಿನದ ಊಟವನ್ನು ನಾವು ಪ್ರೀತಿಯ ಹೆಸರಿನಲ್ಲಿ ಒಂದು ಬಟ್ಟಲಿನಲ್ಲಿ ಮುಗಿಸಿಬಿಡುತ್ತೇವೆ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಬೆಕ್ಕಿನ ನಾಲಿಗೆಗೆ ಸಿಹಿ ಗೊತ್ತಾಗುವುದಿಲ್ಲ. ಸಿಹಿಯನ್ನು ಗುರುತಿಸುವ ಜೀನ್ ಒಂದು ಅದರಲ್ಲಿ ಮುರಿದುಹೋಗಿದೆ ಎಂದು 2005ರಲ್ಲಿ ಕಂಡುಕೊಂಡರು. ಹಾಗಾದರೆ ನೆಲುವಿನ ಕೆಳಗೆ ಕುಳಿತ ಆ ಬೆಕ್ಕು ಬಯಸಿದ್ದು ಏನನ್ನು? ಕೆನೆಯನ್ನು, ಬೆಣ್ಣೆಯನ್ನು, ಜಿಡ್ಡನ್ನು. ಹಾಲಿನಲ್ಲಿ ನಮಗೆ ರುಚಿಯೆನಿಸುವ ಸಿಹಿ ಅದಕ್ಕೆ ಇಲ್ಲವೇ ಇಲ್ಲ. ಅದಕ್ಕೆ ತೊಂದರೆ ಕೊಡುವುದು ಮಾತ್ರ ಅದೇ ಸಿಹಿ.

ಈಗ ಹೆಪ್ಪಿನ ಮಾತು. ಬೆಚ್ಚಗಿನ ಹಾಲಿಗೆ ಅವ್ವ ಹಾಕುವ ಅರ್ಧ ಚಮಚ ಮೊಸರಿನಲ್ಲಿರುವ ಬ್ಯಾಕ್ಟೀರಿಯಾ ಲ್ಯಾಕ್ಟೋಸನ್ನು ತಿಂದು ಆಮ್ಲ ಮಾಡುತ್ತವೆ, ಆಮ್ಲಕ್ಕೆ ಹಾಲಿನ ಪ್ರೋಟೀನು ಹೆಪ್ಪುಗಟ್ಟುತ್ತದೆ. ಹಾಲಿನ ಸಕ್ಕರೆ ಪೂರ್ತಿ ಹೋಗುವುದಿಲ್ಲ. ಐದರಲ್ಲಿ ಒಂದು ಪಾಲು, ಹೆಚ್ಚೆಂದರೆ ಮೂರರಲ್ಲಿ ಒಂದು ಪಾಲು ಖರ್ಚಾಗುತ್ತದೆ. ಹುಳಿ ಏರಿದಷ್ಟೂ ಬ್ಯಾಕ್ಟೀರಿಯಾಗಳಿಗೇ ಕೆಲಸ ಮಾಡಲು ಕಷ್ಟ. ಅಂದರೆ ಗಟ್ಟಿಮೊಸರಿನ ಬಟ್ಟಲು ಹಾಲಿನ ಬಟ್ಟಲಿಗಿಂತ ಸ್ವಲ್ಪ ವಾಸಿ ಅಷ್ಟೇ. ಆದರೆ ಅವ್ವ ಮೊಸರನ್ನು ಕಡೆದು ಬೆಣ್ಣೆ ತೆಗೆದು ಮೂರು ಪಾಲು ನೀರು ಬೆರೆಸುತ್ತಾಳೆ. ಅಲ್ಲಿಗೆ ಜಿಡ್ಡು ಹೋಯಿತು, ಸಕ್ಕರೆ ನೂರಕ್ಕೆ ಒಂದಕ್ಕೆ ಇಳಿಯಿತು. ಅಂಥ ಮಜ್ಜಿಗೆಯ ಒಂದು ಚಮಚದಲ್ಲಿ ಲ್ಯಾಕ್ಟೋಸ್ 0.05 ಗ್ರಾಂ, ಹಾಲಿನ ಬಟ್ಟಲಿನಲ್ಲಿ ಇದ್ದದ್ದು 5 ಗ್ರಾಂ. ನೂರರಲ್ಲಿ ಒಂದು ಪಾಲು. ಈ ಅಂಕಿಯನ್ನು ಕಂಡಾಗ ನನಗೆ ಹಮಾಲರ ಮೇಲೆ ಗೌರವ ಬಂತು. ಅವರು ಬಡತನಕ್ಕೆ ನೀರು ಬೆರೆಸಿದ್ದರು, ಬೆಕ್ಕಿಗೆ ಅದು ಹದವಾಗಿತ್ತು.

ಪ್ರೊಬಯಾಟಿಕ್ ಎಂಬ ಮಾತಿನ ಹಿಂದೆಯೂ ಒಂದು ಮೊಸರಿನ ಕಥೆ ಇದೆ. 1905ರಲ್ಲಿ ಸ್ಟಾಮೆನ್ ಗ್ರಿಗೊರೊವ್ ಎಂಬ ಬಲ್ಗೇರಿಯಾದ ವೈದ್ಯವಿದ್ಯಾರ್ಥಿ ಜಿನೀವಾದಲ್ಲಿ ಕುಳಿತು ತನ್ನ ಊರಿನ ಮೊಸರಿನಲ್ಲಿದ್ದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಇಲ್ಯಾ ಮೆಚ್ನಿಕಾಫ್ ಅದನ್ನು ಕೇಳಿ, ಬಲ್ಗೇರಿಯಾದ ರೈತರು ದೀರ್ಘಾಯುಷಿಗಳಾಗಿರುವುದು ಹುಳಿಹಾಲಿನಿಂದಲೇ ಎಂದು ಜಗತ್ತಿಗೆ ಸಾರಿದರು. ಅವರಿಗೆ 1908ರಲ್ಲಿ ನೊಬೆಲ್ ಬಂತು, ಮೊಸರಿಗಲ್ಲ, ರೋಗನಿರೋಧಕ ಶಕ್ತಿಯ ಮೇಲಿನ ಕೆಲಸಕ್ಕೆ. ಆದರೂ ನೊಬೆಲ್ ಪಡೆದವರು ಕುಡಿಯುವ ಮೊಸರು ಎಂದಮೇಲೆ ಕೇಳಬೇಕೆ. ಅಳಿಯನ ಬಾಟಲಿ ಆ ಮೆರವಣಿಗೆಯ ಬಾಲ.

ಬೆಕ್ಕುಗಳ ಮೇಲೆ ನಡೆದ ಪ್ರಯೋಗವೂ ಇದೆ. 2011ರಲ್ಲಿ ಪ್ರಕಟವಾದದ್ದು. ಅಮೆರಿಕದ ಪ್ರಾಣಿ ಆಶ್ರಯಧಾಮವೊಂದರ ಇನ್ನೂರಕ್ಕೂ ಹೆಚ್ಚು ಬೆಕ್ಕುಗಳಲ್ಲಿ ಕೆಲವಕ್ಕೆ ಎಂಟರೊಕಾಕಸ್ ಫೀಸಿಯಂ ಎಂಬ ಬ್ಯಾಕ್ಟೀರಿಯಾದ ಎಸ್‌ಎಫ್68 ಎಂಬ ತಳಿಯನ್ನು ಆಹಾರದಲ್ಲಿ ಬೆರೆಸಿ ಕೊಟ್ಟರು. ಎರಡು ದಿನ ಅಥವಾ ಹೆಚ್ಚು ಕಾಲ ಭೇದಿಯಾದ ಬೆಕ್ಕುಗಳು ಆ ಗುಂಪಿನಲ್ಲಿ ಶೇಕಡ 7.4, ಕೊಡದ ಗುಂಪಿನಲ್ಲಿ ಶೇಕಡ 20.7. ಚಿಕ್ಕ ಫಲವಲ್ಲ ಇದು. ಆದರೆ ಇದನ್ನು ಓದಿ ನಮ್ಮ ಗಡಿಗೆಯ ಮೊಸರಿಗೆ ಬಹುಮಾನ ಕೊಡಲು ಹೊರಟರೆ ಲೆಕ್ಕದಲ್ಲಿ ಕಳ್ಳತನವಾಗುತ್ತದೆ. ಆ ಫಲ ಆ ತಳಿಯದು, ಆ ಅಳತೆಯದು. ಮೊಸರಿನಲ್ಲಿರುವವರು ಬೇರೆ ಮನೆತನದವರು. ಒಂದು ಗ್ರಾಂ ಮೊಸರಿನಲ್ಲಿ ಕೋಟಿಗಟ್ಟಲೆ ಇದ್ದರೂ ಜಠರದ ಆಮ್ಲದಲ್ಲಿ ಬಹುಪಾಲು ಸಾಯುತ್ತವೆ, ದಾಟಿದವು ಬೆಕ್ಕಿನ ಕರುಳಿನಲ್ಲಿ ಮನೆ ಕಟ್ಟುವುದಿಲ್ಲ; ಜಾತ್ರೆಗೆ ಬಂದವರ ಹಾಗೆ ನಾಲ್ಕು ದಿನ ಇದ್ದು ಹೊರಟುಹೋಗುತ್ತವೆ. ಒಗ್ಗರಣೆ ಹಾಕಿ ಕುದಿಸಿದ ಮಜ್ಜಿಗೆಸಾರಿನಲ್ಲಂತೂ ಅವು ಜೀವಂತ ಇರುವುದೇ ಇಲ್ಲ.

ಒಗ್ಗರಣೆ ಎಂದೊಡನೆ ಒಂದು ಮಾತು ಹೇಳಲೇಬೇಕು, ಈ ಇಡೀ ಬರಹದಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ಅದೊಂದೇ ಇರಬಹುದು. ನಮ್ಮ ಕಡೆ ರೊಟ್ಟಿಗೆ ಮೊಸರಿನಲ್ಲಿ ಉಳ್ಳಾಗಡ್ಡಿ ಹೆಚ್ಚಿಹಾಕಿ ಪಚ್ಚಡಿ ಮಾಡುತ್ತಾರೆ, ಮಜ್ಜಿಗೆಗೆ ಬೆಳ್ಳುಳ್ಳಿ ಜಜ್ಜಿ ಹಾಕುತ್ತಾರೆ. ತಟ್ಟೆಯಲ್ಲಿ ಉಳಿದದ್ದು ಬೆಕ್ಕಿಗೆ ಹೋಗುತ್ತದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಎರಡೂ ಬೆಕ್ಕಿನ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ; ಹಸಿಯಾದರೂ, ಬೆಂದರೂ, ಪುಡಿಯಾದರೂ ಅಷ್ಟೇ. ಒಸಡು ಬಿಳಿಚಿಕೊಂಡು, ಉಸಿರು ಮೇಲಾಗಿ, ನಾಲ್ಕೈದು ದಿನ ಬಿಟ್ಟು ಕಾಣಿಸಿಕೊಳ್ಳುವುದರಿಂದ ಯಾರೂ ಪಚ್ಚಡಿಯನ್ನು ದೂರುವುದಿಲ್ಲ. ಹಮಾಲಣ್ಣಂದಿರಿಗೆ ಇದನ್ನು ಹೇಳಿದಾಗ ಅವರಲ್ಲಿ ಹಿರಿಯರೊಬ್ಬರು ನನ್ನ ಮುಖವನ್ನೇ ನೋಡಿ, "ಸಾಹುಕಾರರ ಬೆಕ್ಕಿಗೆ ಉಳ್ಳಾಗಡ್ಡಿಯೂ ಆಗದೇ?" ಎಂದು ನಕ್ಕರು. ಮರುದಿನದಿಂದ ಅವರೇ ಒಗ್ಗರಣೆಯಿಲ್ಲದ ಮಜ್ಜಿಗೆಯನ್ನು ಬೇರೆ ಬಾಟಲಿಯಲ್ಲಿ ತರತೊಡಗಿದರು.

ಈ ಸೀಮೆಯಲ್ಲಿ ಬೆಕ್ಕು, ಹಾಲು ಎಂದರೆ ತೆನಾಲಿ ರಾಮಕೃಷ್ಣನ ಕಥೆ ನೆನಪಾಗದವರಿಲ್ಲ. ಹೊಳೆಯ ಆಚೆಗಿನ ವಿಜಯನಗರದಲ್ಲಿ ಇಲಿಯ ಕಾಟ ಹೆಚ್ಚಾಗಿ ರಾಯರು ಮನೆಗೊಂದು ಬೆಕ್ಕು, ಬೆಕ್ಕಿನ ಹಾಲಿಗೆಂದು ಒಂದು ಆಕಳು ಹಂಚಿಸಿದರು. ತೆನಾಲಿ ಮೊದಲ ದಿನವೇ ಕುದಿಯುವ ಹಾಲಿಟ್ಟ; ಬಾಯಿ ಸುಟ್ಟ ಬೆಕ್ಕು ಹಾಲು ಕಂಡರೆ ಓಡತೊಡಗಿತು; ಹಾಲೆಲ್ಲ ಅವನ ಸಂಸಾರಕ್ಕೆ. ಕಥೆಯಲ್ಲಿ ಆ ಬೆಕ್ಕು ಬಡಕಲಾಗಿ ದರ್ಬಾರಿಗೆ ಬರುತ್ತದೆ, ಎಲ್ಲರೂ ನಗುತ್ತಾರೆ. ಈಗ ನನಗೆ ಅಲ್ಲಿ ಅನುಮಾನ. ಬಾಯಿ ಸುಟ್ಟದ್ದು ಪಾಪವೇ ಸರಿ. ಆದರೆ ಊರಿಗೆಲ್ಲ ಇಲಿಯ ಕಾಟವಿರುವಾಗ, ಹಾಲು ಮುಟ್ಟದ ಬೆಕ್ಕು ಬಡಕಲಾಗುವುದು ಹೇಗೆ? ದಿನವಿಡೀ ಹಾಲು ಕುಡಿದು ಕೊಬ್ಬಿದ ಉಳಿದ ಬೆಕ್ಕುಗಳು ಇಲಿ ಹಿಡಿದವೇ ಎಂದು ದರ್ಬಾರಿನಲ್ಲಿ ಒಬ್ಬ ಗುಮಾಸ್ತನೂ ಕೇಳಲಿಲ್ಲವಲ್ಲ.

ಅಳಿಯನಿಗೆ ನಾನು ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅವನು ಸೋಲಲಿಲ್ಲ. "ಮಾವ, ಕೆಫಿರಿನಲ್ಲಿ ಲ್ಯಾಕ್ಟೋಸ್ ಮೊಸರಿಗಿಂತ ಕಡಿಮೆ ಇರುತ್ತದೆ" ಎಂದ. ಹೊತ್ತು ಹೆಚ್ಚು ಹುದುಗಿಸಿದರೆ ಅದು ನಿಜ. ಆದರೆ ಬೂದಿ ಅದನ್ನು ಕೆರೆದು ಮುಚ್ಚಿದ್ದು ಕೂಡ ನಿಜ ಎಂದೆ. ಹರಳುಗಳನ್ನು ನಾವು ಎಸೆಯಲಿಲ್ಲ. ಫ್ರಿಜ್ಜಿನಲ್ಲಿ ಒಂದು ಮೂಲೆಯಲ್ಲಿ ಬೆಳೆಯುತ್ತಿವೆ. ಅವ್ವ ಅದರ ನೀರಿನಿಂದ ಹಿತ್ತಾಳೆಯ ದೀಪ ಉಜ್ಜುತ್ತಾಳೆ, ಹುಣಸೆಹಣ್ಣಿಗಿಂತ ಚೆನ್ನಾಗಿ ಹೊಳೆಯುತ್ತದೆಯಂತೆ.

ಹಾಗಿದ್ದರೂ ಮಜ್ಜಿಗೆಯನ್ನು ನಾನು ನಿಲ್ಲಿಸಿಲ್ಲ. ಬೆಕ್ಕಿಗೆ ನೀರಡಿಕೆ ಕಡಿಮೆ. ಅದರ ಪೂರ್ವಜರು ಮರುಭೂಮಿಯವರು, ತಿಂದ ಇಲಿಯ ಮೈಯಲ್ಲಿರುವ ನೀರಿನಲ್ಲಿಯೇ ದಿನ ತಳ್ಳಿದವರು. ನಮ್ಮ ಬೇಸಿಗೆಯಲ್ಲಿ, ಪ್ಯಾಕೆಟ್ಟಿನ ಒಣ ಆಹಾರ ತಿನ್ನುವ ಬೆಕ್ಕು ತಟ್ಟೆಯ ನೀರನ್ನು ಮುಟ್ಟದೆ ಮಲಗಿರುತ್ತದೆ. ನೀರಿಗೆ ಒಂದು ಚಮಚ ಮಜ್ಜಿಗೆಯ ವಾಸನೆ ಹತ್ತಿದರೆ ಬೂದಿ ಬಂದು ಪೂರ್ತಿ ನೆಕ್ಕುತ್ತದೆ. ನನಗೆ ಅಷ್ಟೇ ಬೇಕು. ಕರುಳಿನ ಉದ್ಧಾರವನ್ನು ನಾನು ಅದರಿಂದ ನಿರೀಕ್ಷಿಸುವುದಿಲ್ಲ. ಮೂರು ತಿಂಗಳಿಗೊಮ್ಮೆ ಹುಳುವಿನ ಔಷಧದ ತಾರೀಖನ್ನು ಗಿರಣಿಯ ಕ್ಯಾಲೆಂಡರಿನಲ್ಲಿ ಕರೆಂಟು ಬಿಲ್ಲಿನ ಪಕ್ಕ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಅಲ್ಲಿನ ಉಳಿದ ಬೆಕ್ಕುಗಳದೂ ಸೇರಿದೆ. ಖರ್ಚನ್ನು ಯಾವ ಖಾತೆಗೆ ಹಾಕಿದ್ದೇನೆ ಎಂಬುದನ್ನು ಮಾಲೀಕರು ಇನ್ನೂ ಕೇಳಿಲ್ಲ.

ಹೋದ ತಿಂಗಳು ಮಗಳು ಬಂದಾಗ ಆನೆಗೊಂದಿಗೆ ಹೋಗಿದ್ದಳು. ಅಲ್ಲಿ ಹೆಂಗಸರು ಬಾಳೆನಾರಿನಲ್ಲಿ ಚೀಲ, ಬುಟ್ಟಿ ಹೆಣೆಯುತ್ತಾರೆ. ಅವಳು ಒಂದು ತೂಗುಬಲೆ ತಂದು, ಅಂದಕ್ಕೆಂದು ಅಡುಗೆಮನೆಯ ಬಾಗಿಲ ಹತ್ತಿರ ಮೊಳೆಗೆ ನೇತುಹಾಕಿ, ಅದರೊಳಗೆ ಹಳೆಯ ಹಿತ್ತಾಳೆಯ ತಂಬಿಗೆಯೊಂದನ್ನು ಇಟ್ಟು ಹೋದಳು. ಅವ್ವ ಅದನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಹೋಗಿ ಅದರ ಗಂಟನ್ನು ಒಂದು ಗೇಣು ಮೇಲಕ್ಕೆ ಕಟ್ಟಿಸಿದಳು.

ಈಗ ಮಧ್ಯಾಹ್ನ ಅವ್ವ ಮಜ್ಜಿಗೆಗೆ ಉಪ್ಪು ಹಾಕುವ ಮೊದಲು ಒಂದು ಚಮಚ ಎತ್ತಿಡುತ್ತಾಳೆ; ನಾನು ಅದನ್ನು ಬೂದಿಯ ನೀರಿನ ತಟ್ಟೆಗೆ ಬಿಡುತ್ತೇನೆ. ಬೂದಿ ಅದನ್ನು ನೆಕ್ಕಿ, ಬಾಗಿಲ ಹತ್ತಿರ ಹೋಗಿ ಕುಳಿತು, ಕತ್ತೆತ್ತಿ ತಂಬಿಗೆಯನ್ನು ನೋಡುತ್ತದೆ.

"ಅದರಲ್ಲಿ ಏನೂ ಇಲ್ಲವೇ ತಾಯಿ" ಎನ್ನುತ್ತಾಳೆ ಅವ್ವ. ಬೂದಿ ನಂಬುವುದಿಲ್ಲ.